ಘಟ್ಟ ಹತ್ತುವ ಮುನ್ನ ಮಣಿಕಟ್ಟು ನೋಡಿ: ಮೊದಲ ಡೈವ್ ಕಂಪ್ಯೂಟರ್ ಆಯ್ಕೆಯ ವಿಚಾರ

ಕಾಪುವಿನ ದೀಪಸ್ತಂಭದ ಎದುರಿನ ನೀರಿನಲ್ಲೋ ನೇತ್ರಾಣಿಯ ಬಂಡೆಗಳ ಬುಡದಲ್ಲೋ ಶಿಕ್ಷಕರ ಕೈ ಹಿಡಿದು ಒಮ್ಮೆ ಇಳಿದು, ಫೋಟೊ ತೆಗೆಸಿಕೊಂಡು ಮೇಲೆ ಬರುವವರಿಗೆ ಡೈವ್ ಕಂಪ್ಯೂಟರ್, ಅಂದರೆ ಆಳ, ಕಳೆದ ಹೊತ್ತು ಮತ್ತು ಇನ್ನೆಷ್ಟು ನಿಮಿಷ ಕೆಳಗಿರಬಹುದು ಎಂಬುದನ್ನು ತೋರಿಸುವ ಮಣಿಕಟ್ಟಿನ ಯಂತ್ರ, ಬೇಕಾಗಿಲ್ಲ. ಅವರು ಎಷ್ಟು ಆಳಕ್ಕೆ ಇಳಿದರು, ಎಷ್ಟು ಹೊತ್ತು ಇದ್ದರು, ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಎಂಬುದನ್ನೆಲ್ಲ ನೋಡಿಕೊಳ್ಳುವುದು ಶಿಕ್ಷಕರ ಕೆಲಸ. ಸ್ಕೂಬಾ ಡೈವಿಂಗಿನ ಮೊದಲ ಹಂತದ ತರಬೇತಿಯಾದ ಓಪನ್ ವಾಟರ್ ಕೋರ್ಸ್ ಮುಗಿಸಿ, 18 ಮೀಟರ್ ಆಳದವರೆಗೆ ಜೊತೆಗಾರರೊಂದಿಗೆ ತಾವೇ ಇಳಿಯುವ ಅರ್ಹತೆ ಪಡೆದವರ ಸಂಗತಿ ಬೇರೆ. ಮಾಸ್ಕ್ ಮತ್ತು ಫಿನ್ ಕೊಂಡಾದ ಮೇಲೆ ಅವರು ಕೇಳುವ ಮುಂದಿನ ಪ್ರಶ್ನೆಯೇ ಮಣಿಕಟ್ಟಿಗೆ ಏನು ಕಟ್ಟಿಕೊಳ್ಳಬೇಕು ಎಂಬುದು. ಅಂಗಡಿಯವರು ಮುಂದಿಡುವ ಪಟ್ಟಿಯಲ್ಲಿ ಅಗ್ಗದ ಯಂತ್ರಕ್ಕೂ ದುಬಾರಿ ಯಂತ್ರಕ್ಕೂ ಬೆಲೆಯಲ್ಲಿ ಹಲವು ಪಟ್ಟು ಅಂತರವಿರುತ್ತದೆ. ಆ ಹೆಚ್ಚಿನ ಹಣ ಯಾವುದಕ್ಕೆ ಸಲ್ಲುತ್ತದೆ ಎಂದು ತಿಳಿಯಬೇಕಾದರೆ, ಈ ಯಂತ್ರ ನಿಜವಾಗಿ ಏನನ್ನು ಅಳೆಯುತ್ತದೆ ಎಂಬಲ್ಲಿಂದ ಹೊರಡುವುದು ಒಳ್ಳೆಯದು.

ಅದು ಮುಖ್ಯವಾಗಿ ಅಳೆಯುವುದು ಎರಡನ್ನೇ: ಸುತ್ತಲಿನ ನೀರಿನ ಒತ್ತಡ ಮತ್ತು ಕಳೆದ ಸಮಯ. ನಿಮ್ಮ ರಕ್ತದಲ್ಲಿ ಸಾರಜನಕ ಎಷ್ಟಿದೆ ಎಂಬುದನ್ನು ಯಾವ ಡೈವ್ ಕಂಪ್ಯೂಟರೂ ಅಳೆಯುವುದಿಲ್ಲ. ಒತ್ತಡ ಮತ್ತು ಸಮಯವನ್ನು ಒಂದು ಗಣಿತ ಮಾದರಿಗೆ ಹಾಕಿ ಅಂದಾಜು ಮಾಡುತ್ತದೆ, ಅಷ್ಟೆ. ಆಟೋರಿಕ್ಷಾದ ಮೀಟರಿಗೆ ಒಳಗೆ ಕುಳಿತವರು ಯಾರೆಂಬುದು ಗೊತ್ತಿರುವುದಿಲ್ಲ, ಚಕ್ರ ಉರುಳಿದ್ದು ಮತ್ತು ಹೊತ್ತು ಕಳೆದದ್ದು ಮಾತ್ರ ಗೊತ್ತಿರುತ್ತದೆ, ಇದೂ ಹಾಗೆಯೇ. ನೀವು ಹಿಂದಿನ ರಾತ್ರಿ ನಿದ್ದೆಗೆಟ್ಟಿರಬಹುದು, ಸಾಕಷ್ಟು ನೀರು ಕುಡಿಯದೆ ಇರಬಹುದು, ವಯಸ್ಸಾಗಿರಬಹುದು. ಅದೊಂದೂ ಅದರ ಲೆಕ್ಕಕ್ಕೆ ತಾನಾಗಿ ಬರುವುದಿಲ್ಲ.

ಅಂದಾಜು ಏಕೆ ಬೇಕಾಗುತ್ತದೆ ಎಂಬುದಕ್ಕೆ ಕಾರಣ ಸರಳ ಭೌತಶಾಸ್ತ್ರದಲ್ಲಿದೆ. ಕಡಲಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒತ್ತಡ ಸುಮಾರು ಒಂದು ವಾಯುಭಾರದಷ್ಟು ಏರುತ್ತದೆ. ದಡದಲ್ಲಿ ಒಂದು ಇದ್ದದ್ದು 10 ಮೀಟರಿನಲ್ಲಿ ಎರಡಾಗುತ್ತದೆ, 20 ಮೀಟರಿನಲ್ಲಿ ಮೂರಾಗುತ್ತದೆ. ದ್ರವದಲ್ಲಿ ಕರಗುವ ಅನಿಲದ ಪ್ರಮಾಣವು ಅದರ ಮೇಲಿನ ಒತ್ತಡಕ್ಕೆ ಅನುಗುಣವಾಗಿರುತ್ತದೆ ಎಂದು ಇಂಗ್ಲೆಂಡಿನ ವಿಲಿಯಂ ಹೆನ್ರಿ 1803ರಲ್ಲಿ ತೋರಿಸಿಕೊಟ್ಟ. ಉಸಿರಾಡುವ ಗಾಳಿಯ ಸುಮಾರು 78 ಶೇಕಡಾ ಭಾಗ ಸಾರಜನಕ. ದೇಹ ಅದನ್ನು ಬಳಸಿಕೊಳ್ಳದ ಕಾರಣ, ಆಳದಲ್ಲಿ ಅದು ರಕ್ತ ಮತ್ತು ಅಂಗಾಂಶಗಳಲ್ಲಿ ಕರಗುತ್ತಾ ಸೇರುತ್ತಾ ಹೋಗುತ್ತದೆ. ನಿಧಾನವಾಗಿ ಮೇಲೆ ಬಂದರೆ ಅದು ಶ್ವಾಸಕೋಶದ ದಾರಿಯಲ್ಲಿ ಹೊರಬೀಳುತ್ತದೆ. ಅವಸರದಿಂದ ಬಂದರೆ ಕರಗಿದ್ದ ಅನಿಲ ಒಳಗೇ ಗುಳ್ಳೆಗಟ್ಟಿ, ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ತೊಂದರೆ ಕೊಡಬಲ್ಲದು.

ಸ್ಕಾಟ್ಲೆಂಡಿನ ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಬ್ರಿಟಿಷ್ ನೌಕಾಪಡೆಗಾಗಿ ಆಡುಗಳ ಮೇಲೆ ಪ್ರಯೋಗ ನಡೆಸಿ, 1908ರಲ್ಲಿ ತನ್ನ ಸಹೋದ್ಯೋಗಿಗಳೊಂದಿಗೆ ಆಳದಿಂದ ಹೇಗೆ ಸುರಕ್ಷಿತವಾಗಿ ಮೇಲೆ ಬರಬೇಕೆಂದು ತಿಳಿಸುವ ಮೊದಲ ವೈಜ್ಞಾನಿಕ ಕೋಷ್ಟಕಗಳನ್ನು ಪ್ರಕಟಿಸಿದ. ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಸಾರಜನಕವನ್ನು ಹೀರುವುದಿಲ್ಲವಾದ್ದರಿಂದ, ಅವನು ದೇಹವನ್ನು ಐದು ಕಾಲ್ಪನಿಕ ಕೋಶಗಳಾಗಿ (ಜೀವಕೋಶಗಳಲ್ಲ, ಲೆಕ್ಕದ ವಿಭಾಗಗಳು) ವಿಂಗಡಿಸಿ, 5, 10, 20, 40 ಮತ್ತು 75 ನಿಮಿಷಗಳ ಅರ್ಧಾವಧಿಯನ್ನು ಒಂದೊಂದಕ್ಕೆ ಕೊಟ್ಟ. ಐದು ನಿಮಿಷದ ಕೋಶವೆಂದರೆ, ಹೊಸ ಒತ್ತಡಕ್ಕೆ ಹೊಂದಿಕೊಳ್ಳಲು ತುಂಬಬೇಕಾದ ಪ್ರಮಾಣದ ಅರ್ಧವನ್ನು ಅದು ಐದು ನಿಮಿಷದಲ್ಲಿ ತುಂಬಿಕೊಳ್ಳುತ್ತದೆ, ಉಳಿದದ್ದರ ಅರ್ಧವನ್ನು ಮುಂದಿನ ಐದು ನಿಮಿಷದಲ್ಲಿ. ಇದೇ ಎಳೆಯನ್ನು ಜ್ಯೂರಿಕ್‌ನ ವೈದ್ಯವಿಜ್ಞಾನಿ ಆಲ್ಬರ್ಟ್ ಬ್ಯೂಲ್ಮನ್ ಮುಂದುವರಿಸಿ, ಹದಿನಾರು ಕೋಶಗಳ ಮಾದರಿಯನ್ನು ರೂಪಿಸಿದ. ಅದರ ಅತಿ ನಿಧಾನದ ಕೋಶದ ಅರ್ಧಾವಧಿ 635 ನಿಮಿಷ, ಅಂದರೆ ಹತ್ತು ಗಂಟೆಗೂ ಹೆಚ್ಚು. ಈ ಅಂಕಿಯನ್ನು ಓದುಗರು ನೆನಪಿನಲ್ಲಿಡಬೇಕು. ಘಟ್ಟದ ದಾರಿಯ ಮಾತು ಬಂದಾಗ ಇದು ಮತ್ತೆ ಬೇಕಾಗುತ್ತದೆ. 1983ರಲ್ಲಿ ಅಮೆರಿಕದಲ್ಲಿ ಎಡ್ಜ್ ಎಂಬ ಯಂತ್ರ ಮಾರುಕಟ್ಟೆಗೆ ಬಂದ ಮೇಲೆ, ಈ ಲೆಕ್ಕವನ್ನು ಕಾಗದದ ಕೋಷ್ಟಕದಿಂದ ನೀರಿನೊಳಗಿನ ಪರದೆಗೆ ಸಾಗಿಸುವುದು ಸಾಮಾನ್ಯ ಡೈವರ್‌ಗಳಿಗೂ ಸಾಧ್ಯವಾಯಿತು.

ಇಂದಿನ ಆರಂಭಿಕ ದರ್ಜೆಯ ಯಂತ್ರಗಳು, ಉದಾಹರಣೆಗೆ ಕ್ರೆಸ್ಸಿ ಲಿಯೊನಾರ್ಡೊ, ಮಾರೆಸ್ ಪಕ್, ಸುಂಟೊ ಝೂಪ್ ನೋವೊ ಮುಂತಾದವು, ಹಾಲ್ಡೇನನ ಮೂಲ ಆಲೋಚನೆಯಿಂದ ಬೆಳೆದ ಮಾದರಿಗಳನ್ನೇ ನಡೆಸುತ್ತವೆ. ದುಬಾರಿಯವುಗಳೂ ಅದನ್ನೇ ಮಾಡುತ್ತವೆ. ಒಂದು ಮಾದರಿ ಸ್ವಲ್ಪ ಬಿಗಿ, ಇನ್ನೊಂದು ಸ್ವಲ್ಪ ಸಡಿಲ. ಒಂದೇ ಬೋಟಿನಲ್ಲಿ ಒಂದೇ ಆಳಕ್ಕೆ ಇಳಿದ ಇಬ್ಬರ ಯಂತ್ರಗಳು ಬೇರೆ ಬೇರೆ ನಿಮಿಷಗಳನ್ನು ತೋರಿಸುವುದು ಇದರಿಂದಲೇ. ಹಾಗಾದಾಗ ಕಡಿಮೆ ನಿಮಿಷ ತೋರಿಸುವ ಯಂತ್ರವನ್ನು ಇಬ್ಬರೂ ಅನುಸರಿಸಬೇಕು. ಹೆಚ್ಚು ಹಣ ಕೊಟ್ಟರೆ ಸಿಗುವುದು ಬಣ್ಣದ ಪರದೆ, ಸಿಲಿಂಡರಿನ ಒತ್ತಡವನ್ನು ಮಣಿಕಟ್ಟಿಗೆ ಕಳುಹಿಸುವ ಟ್ರಾನ್ಸ್‌ಮಿಟರ್, ದಿಕ್ಸೂಚಿ, ಹಲವು ಅನಿಲ ಮಿಶ್ರಣಗಳ ಲೆಕ್ಕ. ನಿಮ್ಮ ದೇಹದ ಬಗ್ಗೆ ಹೆಚ್ಚಿನ ತಿಳಿವಳಿಕೆಯಂತೂ ಅಲ್ಲ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಡೈವ್ ಕಂಪ್ಯೂಟರ್‌ಗಳ ಜಾಹೀರಾತುಗಳು ಹೆಚ್ಚಾಗಿ ನಿಲುಗಡೆಯಿಲ್ಲದೆ, ಅಂದರೆ ಸಾರಜನಕ ಹೊರಹೋಗಲೆಂದು ಮೇಲೆ ಬರುವ ದಾರಿಯಲ್ಲಿ ಕಡ್ಡಾಯವಾಗಿ ನಿಲ್ಲುವ ಅಗತ್ಯ ಬಾರದಂತೆ, ಎಷ್ಟು ನಿಮಿಷ ಆಳದಲ್ಲಿರಬಹುದು ಎಂಬ ಲೆಕ್ಕವನ್ನೇ ಎತ್ತಿ ಹಿಡಿಯುತ್ತವೆ. ಆದರೆ ಡೈವಿಂಗ್ ತರಬೇತಿ ನೀಡುವ ಪ್ಯಾಡಿ ಸಂಸ್ಥೆಯ ಕೋಷ್ಟಕದ ಪ್ರಕಾರ ಆ ಮಿತಿ 12 ಮೀಟರಿನಲ್ಲಿ 147 ನಿಮಿಷ, 18 ಮೀಟರಿನಲ್ಲಿ 56 ನಿಮಿಷ, 30 ಮೀಟರಿನಲ್ಲಿ ಕೇವಲ 20 ನಿಮಿಷ. ನಮ್ಮ ದಡದ ಸಮೀಪ ಹೊಸಬರು ಇಳಿಯುವ ಹತ್ತು ಹನ್ನೆರಡು ಮೀಟರಿನಲ್ಲಿ, ಮಿತಿ ಮುಟ್ಟುವುದಕ್ಕೆ ಬಹಳ ಮೊದಲೇ ಸಿಲಿಂಡರಿನ ಗಾಳಿ ಮುಗಿಯುತ್ತದೆ. ಅಂಥವರಿಗೆ ಯಂತ್ರದಿಂದ ಆಗುವ ದೊಡ್ಡ ಉಪಕಾರ ಬೇರೆಯೇ: ಮೇಲೆ ಬರುವ ವೇಗದ ಎಚ್ಚರಿಕೆ. ಹತ್ತು ಮೀಟರಿನಿಂದ ಮೇಲ್ಮೈಗೆ ಬರುವಾಗ ಒತ್ತಡ ಅರ್ಧಕ್ಕಿಳಿಯುತ್ತದೆ, ಶ್ವಾಸಕೋಶದ ಗಾಳಿ ಇಮ್ಮಡಿಯಾಗುತ್ತದೆ. 30ರಿಂದ 20 ಮೀಟರಿಗೆ ಬರುವಾಗ ಆಗುವ ಹಿಗ್ಗು ಇದಕ್ಕಿಂತ ಬಹಳ ಕಡಿಮೆ. ಆಳವಿಲ್ಲದ ನೀರು ಸಲೀಸು ಎಂಬ ನಂಬಿಕೆ ಅದಕ್ಕೇ ಪೂರ್ತಿ ಸರಿಯಲ್ಲ. ಹಳೆಯ ರೂಢಿಯಲ್ಲಿ ನಿಮಿಷಕ್ಕೆ 18 ಮೀಟರ್ ಏರಬಹುದಿತ್ತು. ಇಂದು ಹೆಚ್ಚಿನವರು ಒಪ್ಪುವುದು 9 ಮೀಟರಿನ ವೇಗವನ್ನು, ಜೊತೆಗೆ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವುದನ್ನು. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೆಂದರೆ, ಏರುವೇಗದ ಪಟ್ಟಿ ಪರದೆಯ ಯಾವ ಬದಿಯಲ್ಲಿ ಹೇಗೆ ಕಾಣುತ್ತದೆ, ಎಚ್ಚರಿಕೆಯ ಶಬ್ದ ಎಷ್ಟು ಜೋರಾಗಿದೆ, ಮೂರು ನಿಮಿಷದ ಎಣಿಕೆ ತಾನಾಗಿ ಆರಂಭವಾಗುತ್ತದೆಯೇ ಎಂಬುದು.

ಎರಡನೆಯದು ಓದಲು ಬರುವುದು. ಅಂಡಮಾನಿನ ಅಥವಾ ಲಕ್ಷದ್ವೀಪದ ತಿಳಿನೀರಿನಲ್ಲಿ ತೆಗೆದ ಚಿತ್ರಗಳನ್ನು ನೋಡಿ ಪರದೆಯನ್ನು ಆರಿಸಬಾರದು. ನಮ್ಮ ಕಡಲಿಗೆ ಹೊಳೆಗಳು ತರುವ ಮಣ್ಣೂ ತೆರೆ ಎಬ್ಬಿಸುವ ಹೂಳೂ ಸೇರಿ, ನೀರು ಹಸಿರುಗಟ್ಟಿ ಮಬ್ಬಾಗಿರುವ ದಿನಗಳು ಬೇಕಾದಷ್ಟಿವೆ. ಬೆಳಕು ಬೇಗ ಕುಂದುತ್ತದೆ. ಇದಕ್ಕೆ ನಲವತ್ತು ದಾಟಿದ ಕಣ್ಣೂ ಸೇರಿಕೊಂಡರೆ, ಚಾಳೀಸು ದೋಣಿಯಲ್ಲೇ ಉಳಿದುಬಿಟ್ಟಿರುವ ಕಾರಣ, ಸಣ್ಣ ಅಂಕಿಗಳ ಗಡಿಯಾರದಂಥ ಯಂತ್ರ ಎಷ್ಟೇ ಚೆಂದವಿದ್ದರೂ ಕೆಲಸಕ್ಕೆ ಬರುವುದಿಲ್ಲ. ಅಂಗೈಯಗಲದ ದುಂಡು ಯಂತ್ರವೊಂದನ್ನು ಕೈಯಲ್ಲಿ ಹಿಡಿದು ನೋಡಿ: ನಡುವೆ ಆಳ ಮತ್ತು ಉಳಿದ ನಿಮಿಷ, ಹೆಬ್ಬೆರಳಿನುಗುರಿನಷ್ಟು ದೊಡ್ಡ ಅಂಕಿಗಳಲ್ಲಿ, ಅಂಚಿನಲ್ಲಿ ಏರುವೇಗದ ಮೆಟ್ಟಿಲುಗೆರೆ, ಕೆಳಗೆ ಒಂದೇ ಗುಂಡಿ. ಆ ಗುಂಡಿಯನ್ನು ಒತ್ತುತ್ತಾ ಒತ್ತುತ್ತಾ ಎಲ್ಲ ಆಯ್ಕೆಗಳನ್ನೂ ದಾಟಿ ಬೇಕಾದದ್ದಕ್ಕೆ ಬರುವುದು ದಡದಲ್ಲಿ ಬೇಸರದ ಕೆಲಸ, ನಿಜ. ನೀರಿನೊಳಗೆ ಮಾತ್ರ ತಪ್ಪು ಗುಂಡಿ ಒತ್ತುವ ಪ್ರಶ್ನೆಯೇ ಬರುವುದಿಲ್ಲ. ಶಿಯರ್‌ವಾಟರ್ ಪೆರೆಗ್ರಿನ್‌ನಂಥ ಬಣ್ಣದ ದೊಡ್ಡ ಪರದೆಯ ಯಂತ್ರಗಳು ಮಬ್ಬು ನೀರಿನಲ್ಲಿ ಇವೆಲ್ಲಕ್ಕಿಂತ ಚೆನ್ನಾಗಿ ಕಾಣುತ್ತವೆ, ಬೆಲೆಯೂ ಎರಡು ಪಟ್ಟು ದಾಟುತ್ತದೆ. ಹೆಚ್ಚಿಗೆ ಹಣ ಕೊಡುವುದೇ ಆದರೆ ಟ್ರಾನ್ಸ್‌ಮಿಟರಿಗಿಂತ ಮೊದಲು ಪರದೆಗೆ ಕೊಡುವುದು ನಮ್ಮ ಕರಾವಳಿಯ ಮಟ್ಟಿಗೆ ವಿವೇಕವೆಂದು ನನ್ನ ಎಣಿಕೆ.

ಬ್ಯಾಟರಿಯ ವಿಷಯದಲ್ಲಿ ನಾಣ್ಯದಾಕಾರದ ಸೆಲ್ಲನ್ನು ಮನೆಯಲ್ಲೇ ಬದಲಾಯಿಸಲು ಬರುವಂಥದ್ದು ಹೊಸಬರಿಗೆ ಅನುಕೂಲ. ಬದಲಾಯಿಸುವಾಗ ನೀರು ಒಳನುಗ್ಗದಂತೆ ತಡೆಯುವ ರಬ್ಬರಿನ ಬಳೆಯ ಮೇಲೆ ಒಂದು ಕೂದಲೆಳೆಯೂ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಬೇಕು. ಚಾರ್ಜ್ ಮಾಡುವಂಥವು ಮಳೆಗಾಲದ ತಿಂಗಳುಗಳಲ್ಲಿ ಕಪಾಟಿನಲ್ಲಿ ಮಲಗಿದ್ದು ಬರಿದಾಗುವುದುಂಟು. ಇನ್ನೊಂದು ಸಣ್ಣ ಸಂಗತಿ: ಹಲವು ಯಂತ್ರಗಳ ಬದಿಯಲ್ಲಿ ಎರಡು ಲೋಹದ ಚುಕ್ಕೆಗಳಿರುತ್ತವೆ. ನೀರು ಅವೆರಡನ್ನೂ ಸೇರಿಸಿದಾಗ ವಿದ್ಯುತ್ತು ಹರಿದು ಯಂತ್ರ ಎಚ್ಚರಗೊಳ್ಳುತ್ತದೆ. ಉಪ್ಪು ಅಲ್ಲಿ ಕಟ್ಟಿಕೊಂಡು ಜಿನುಗುತ್ತಿದ್ದರೆ ಯಂತ್ರ ತಾನಿನ್ನೂ ಕಡಲಿನಲ್ಲೇ ಇದ್ದೇನೆಂದು ಭಾವಿಸಿ ಬ್ಯಾಟರಿಯನ್ನು ತಿನ್ನುತ್ತಿರುತ್ತದೆ. ಪ್ರತಿ ಡೈವಿನ ನಂತರ ಸಿಹಿನೀರಿನಲ್ಲಿ ಅದ್ದಿ ತೆಗೆದು ಒರೆಸಿದರೆ ಸಾಕು.

ಮನೆಯಲ್ಲಿ ಈಗಾಗಲೇ ಇರುವ 50 ಮೀಟರ್ ಎಂದು ಬರೆದ ಕೈಗಡಿಯಾರ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಆ ಅಂಕಿ ನಿಶ್ಚಲ ಒತ್ತಡದ ಪರೀಕ್ಷೆಗೆ ಸಂಬಂಧಿಸಿದ್ದೇ ಹೊರತು 50 ಮೀಟರಿಗೆ ಇಳಿಯಬಹುದೆಂಬ ಅನುಮತಿಯಲ್ಲ. ಡೈವರ್‌ಗಳ ಗಡಿಯಾರಕ್ಕೆ ಐಎಸ್ಒ 6425 ಎಂಬ ಬೇರೆಯೇ ಮಾನದಂಡವಿದ್ದು, ಕನಿಷ್ಠ 100 ಮೀಟರ್ ತಾಳಿಕೆಯನ್ನು ಅದು ಬಯಸುತ್ತದೆ. ಆದರೂ ಅಂಥ ಗಡಿಯಾರಕ್ಕೆ ಹೊತ್ತು ಗೊತ್ತು, ಆಳ ಗೊತ್ತಿಲ್ಲ. ಇತ್ತ ಡೈವ್ ಕಂಪ್ಯೂಟರ್‌ಗಳ ಮೇಲೆ ಕಾಣುವ ಇಎನ್ 13319 ಎಂಬ ಐರೋಪ್ಯ ಮಾನದಂಡದ ಮುದ್ರೆ ಆಳ ಮತ್ತು ಸಮಯದ ಅಳತೆಗೆ ಮಾತ್ರ ಅನ್ವಯಿಸುತ್ತದೆ. ಸಾರಜನಕದ ಲೆಕ್ಕ ಸರಿಯಿದೆ ಎಂಬುದಕ್ಕೆ ಅದು ಪ್ರಮಾಣಪತ್ರವಲ್ಲ. 2022ರಲ್ಲಿ ಬಂದ ಆಪಲ್ ವಾಚ್ ಅಲ್ಟ್ರಾದಂಥ ಸ್ಮಾರ್ಟ್ ವಾಚುಗಳು ತಕ್ಕ ಆ್ಯಪ್ ಹಾಕಿಕೊಂಡರೆ 40 ಮೀಟರಿನವರೆಗೆ ಡೈವ್ ಕಂಪ್ಯೂಟರಾಗಿ ಕೆಲಸ ಮಾಡುತ್ತವೆ. ಆದರೆ ಪದೇ ಪದೇ ಚಾರ್ಜ್ ಬೇಡುವ, ದಿನವಿಡೀ ಬೇರೆ ಕೆಲಸಕ್ಕೂ ಸವೆಯುವ ಯಂತ್ರವನ್ನು ನೆಚ್ಚಿ ಅದೊಂದನ್ನೇ ಕಟ್ಟಿಕೊಂಡು ಇಳಿಯುವುದು ನನಗೆ ಒಪ್ಪಿಗೆಯಿಲ್ಲ.

ಅಣ್ಣ ತಮ್ಮ ಸೇರಿ ಒಂದನ್ನು ಕೊಂಡು ಸರದಿಯಂತೆ ಬಳಸುವುದೂ ಆಗದ ಮಾತು. ಬೆಳಗಿನ ಡೈವಿನಲ್ಲಿ ಅಣ್ಣನ ದೇಹ ಹೀರಿದ ಸಾರಜನಕದ ಲೆಕ್ಕ ಯಂತ್ರದ ನೆನಪಿನಲ್ಲಿರುತ್ತದೆ; ಮಧ್ಯಾಹ್ನ ತಮ್ಮ ಅದನ್ನು ಕಟ್ಟಿಕೊಂಡರೆ ಅದು ಅವನ ಲೆಕ್ಕವಲ್ಲ. ಬೆಳಿಗ್ಗೆ ಯಂತ್ರವಿಲ್ಲದೆ ಇಳಿದಿದ್ದವನ ವಿಷಯದಲ್ಲಿ ಇದು ಅಪಾಯವೂ ಹೌದು. ಬಾಡಿಗೆಗೆ ತರುವವರು ಒಂದೇ ಯಂತ್ರವನ್ನು ಪ್ರವಾಸದ ಕೊನೆಯವರೆಗೆ ತಮ್ಮಲ್ಲೇ ಇಟ್ಟುಕೊಳ್ಳುವುದು ಕ್ಷೇಮ.

ಇನ್ನು ಘಟ್ಟದ ವಿಚಾರ. ಡೈವ್ ಮುಗಿದ ಮೇಲೆ ಬಹುತೇಕ ಯಂತ್ರಗಳ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ವಿಮಾನದ ಚಿತ್ರವೂ ಅದರ ಪಕ್ಕದಲ್ಲಿ ಇಳಿಯುತ್ತಾ ಹೋಗುವ ಗಂಟೆಗಳೂ ಮೂಡುತ್ತವೆ. ವಿಮಾನದೊಳಗಿನ ಗಾಳಿಯ ಒತ್ತಡ ನೆಲಮಟ್ಟಕ್ಕಿಂತ ಕಡಿಮೆಯಿರುವುದರಿಂದ, ದೇಹದಲ್ಲಿ ಇನ್ನೂ ಉಳಿದಿರುವ ಸಾರಜನಕ ಅಲ್ಲಿ ಗುಳ್ಳೆಗಟ್ಟಬಹುದೆಂಬ ಕಾರಣಕ್ಕೆ ಈ ಎಚ್ಚರಿಕೆ. ನಾನು ಬಸ್ಸಿನಲ್ಲಿ ಹೋಗುವವನು, ನನಗೇಕೆ ಈ ವಿಮಾನ ಎಂದು ಬೆಂಗಳೂರಿನಿಂದ ಬಂದವರು ಅದನ್ನು ಗಮನಿಸದೆ ಬಿಡುತ್ತಾರೆ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಹತ್ತು ಶೇಕಡಾ ಕಡಿಮೆ. ಶಿರಾಡಿ ಘಾಟಿ ಏರಿ ಸಿಗುವ ಸಕಲೇಶಪುರವೂ ಹೆಚ್ಚುಕಡಿಮೆ ಅಷ್ಟೇ ಎತ್ತರ, ಆಗುಂಬೆ 640 ಮೀಟರಿನ ಆಸುಪಾಸು. ಡೈವರ್‌ಗಳ ಸುರಕ್ಷತೆಗಾಗಿ ಕೆಲಸ ಮಾಡುವ ಡ್ಯಾನ್ ಸಂಸ್ಥೆಯ ಮಾರ್ಗಸೂಚಿ ವಿಮಾನಯಾನಕ್ಕೆಂದು ಬರೆದದ್ದಾದರೂ, ಅದು ಲೆಕ್ಕಕ್ಕೆ ಹಿಡಿಯುವ ಎತ್ತರ ಸುಮಾರು 610 ಮೀಟರಿನಿಂದ 2,400 ಮೀಟರಿನವರೆಗಿನದು. ಘಟ್ಟದ ಮೇಲಿನ ಊರುಗಳು ಬರುವುದು ಆ ಪಟ್ಟಿಯೊಳಗೇ.

ನಿಲುಗಡೆ ಬೇಡದ ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ಕಾಯಬೇಕೆಂದು ಆ ಮಾರ್ಗಸೂಚಿ ಹೇಳುತ್ತದೆ. ಮೇಲೆ ಹೇಳಿದ 635 ನಿಮಿಷದ ಕೋಶವನ್ನು ನೆನೆದರೆ ಇಷ್ಟು ದೀರ್ಘ ಅವಧಿ ಏಕೆಂಬುದು ಅರ್ಥವಾಗುತ್ತದೆ. ಶನಿವಾರ ಮತ್ತು ಭಾನುವಾರ ಡೈವ್ ಮಾಡಿ, ಭಾನುವಾರ ಮಧ್ಯಾಹ್ನ 12ಕ್ಕೆ ಕೊನೆಯದನ್ನು ಮುಗಿಸಿ, ರಾತ್ರಿ ಒಂಬತ್ತರ ಬಸ್ಸನ್ನು ಉಡುಪಿಯಲ್ಲಿ ಹತ್ತಿದವರು ನಡುರಾತ್ರಿ ಕಳೆದು ಒಂದೆರಡು ಗಂಟೆಯೊಳಗೆ ಸಕಲೇಶಪುರ ತಲುಪಿರುತ್ತಾರೆ, ಅಂದರೆ ಹದಿನಾಲ್ಕು ಗಂಟೆಯ ಒಳಗೆ. ಅವರಿಗೆ ಬೇಕಿದ್ದದ್ದು ಹದಿನೆಂಟು. ಮುರ್ಡೇಶ್ವರದಲ್ಲಿ ಡೈವ್ ಮುಗಿಸಿ ಮರುದಿನ ಸೂರ್ಯೋದಯಕ್ಕೆ 1,343 ಮೀಟರ್ ಎತ್ತರದ ಕೊಡಚಾದ್ರಿಯ ಮೇಲಿರಬೇಕೆಂದು ಜೀಪು ಹಿಡಿಯುವವರ ಲೆಕ್ಕವನ್ನೂ ಹೀಗೆಯೇ ಹಾಕಿ ನೋಡಬೇಕು. ಕೊಂಕಣ ರೈಲಿನಲ್ಲಿ ಕರಾವಳಿಗುಂಟ ಗೋವಾಕ್ಕೆ ಹೋಗುವವರಿಗೆ ಈ ತೊಡಕಿಲ್ಲ.

ಹೀಗಾಗಿ ಯಂತ್ರ ಕೊಳ್ಳುವಾಗ ಆ ವಿಮಾನದ ಗಂಟೆಗಳನ್ನು ಅದು ಹೇಗೆ ಎಣಿಸುತ್ತದೆ ಎಂದು ವಿಚಾರಿಸಿ. ಕೆಲವು ಯಂತ್ರಗಳು ಎಲ್ಲ ಡೈವಿಗೂ ಒಂದೇ ಸಮನೆ 24 ಗಂಟೆ ಹಾಕುತ್ತವೆ, ಕೆಲವು ಡೈವ್ ಒಂದೇ, ಹಲವೇ ಎಂದು ನೋಡಿ ಅವಧಿಯನ್ನು ಬದಲಿಸುತ್ತವೆ; ಎರಡರಲ್ಲಿ ಯಾವುದಾದರೂ ಆದೀತು, ಗಂಟೆಗಳು ಮುಖಪುಟದಲ್ಲೇ ಕಾಣುವಂತಿದ್ದರೆ ಸರಿ. ಭಾನುವಾರ ರಾತ್ರಿಯೇ ಹೊರಡಬೇಕಾದವರು ಶುಕ್ರವಾರ ಮತ್ತು ಶನಿವಾರ ಡೈವ್ ಇಟ್ಟುಕೊಳ್ಳುವುದು ಉತ್ತಮ. ಭಾನುವಾರ ಮಲ್ಪೆಯಿಂದ ಬೋಟು ಹಿಡಿದು ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನು ನೋಡಿ ಬರಲು, ಮಧ್ಯಾಹ್ನ ಮೀನಿನ ಊಟ ಮಾಡಲು ಯಾವ ಸಾರಜನಕದ ಅಡ್ಡಿಯೂ ಇಲ್ಲ.