ಬಿಳಿ ಲೇಬಲ್ ಇದ್ರೆ ಟೆಸ್ಟ್ ಪ್ರೆಸ್ಸಿಂಗ್ ಅಂತಲೇ ಲೆಕ್ಕವಾ?

ಬದಿಯಡ್ಕದಿಂದ ಒಬ್ರು ಕೇಳಿದ್ದು: ದುಬೈಲಿದ್ದ ಮಾವ ತಂದಿಟ್ಟ ರೆಕಾರ್ಡಿನ ಪೆಟ್ಟಿಗೆ ಅಟ್ಟದಲ್ಲಿ ಸಿಕ್ಕಿತು, ಒಂದು ಬೀಟಲ್ಸ್ ಎಲ್‌ಪಿಗೆ ಬರೀ ಬಿಳಿ ಲೇಬಲ್, ಹೆಸರೇ ಇಲ್ಲ. ಟೆಸ್ಟ್ ಪ್ರೆಸ್ಸಿಂಗಾ ಇದು?

ಆಗಿರ್ಲೂಬಹುದು, ಆದ್ರೆ ಬಿಳಿ ಬಣ್ಣ ಒಂದನ್ನೇ ನಂಬಬೇಡಿ ಮಾರಾಯ್ರೆ. ಟೆಸ್ಟ್ ಪ್ರೆಸ್ಸಿಂಗ್ ಅಂದ್ರೆ ಎಂತ ಅಂದ್ರೆ, ಲ್ಯಾಕರ್ ತಟ್ಟೆಯಲ್ಲಿ ಹಾಡು ಕೊರೆದು ಅದರಿಂದ ನಿಕ್ಕಲ್ ಅಚ್ಚು ತೆಗೀತಾರೆ, ಆ ಅಚ್ಚೇ ಸ್ಟ್ಯಾಂಪರ್, ಸಾವಿರಗಟ್ಲೆ ಒತ್ತುವ ಮೊದ್ಲು ಕೆಲವೇ ಕೆಲವು ಒತ್ತಿ ಚಟಪಟ ಸದ್ದು ಬರ್ತದಾ, ಸೂಜಿ ಹಾರ್ತದಾ ಅಂತ ಕೇಳಿ ನೋಡ್ತಾರೆ. ಮಾರ್ಲಿಕ್ಕೆ ಅಲ್ಲದ ಕಾರಣ ಲೇಬಲ್ ಖಾಲಿ, ಇಲ್ಲಾ ಪೆನ್ನಲ್ಲಿ ಹೆಸರು, ತಾರೀಕು ಬರ್ದಿರ್ತಾರೆ. ಅಷ್ಟು ಕಮ್ಮಿ ಇರೋದ್ರಿಂದಲೇ ಅದಕ್ಕೆ ಆ ಬೆಲೆ.

ತೊಂದರೆ ಇರೋದು ಇಲ್ಲಿ. 1969ರಿಂದ ಆಚೆಗೆ ಬಂದ ಕಳ್ಳ ರೆಕಾರ್ಡು, ಅಂದ್ರೆ ಬೂಟ್‌ಲೆಗ್, ಅದಕ್ಕೂ ಎಷ್ಟೋ ಸಲ ಖಾಲಿ ಬಿಳಿ ಲೇಬಲ್ಲೇ. ನಾನೂ ಒಮ್ಮೆ ಹಾಗೇ ಒಂದನ್ನು ಒಳ್ಳೆ ದುಡ್ಡು ಕೊಟ್ಟು ತಗೊಂಡೆ, ಮನೆಗೆ ಬಂದು ಹಾಕಿದ್ರೆ ಯಾವುದೋ ಸಂಗೀತ ಕಛೇರಿಲಿ ಜನರ ಮಧ್ಯೆ ಕೂತು ಹಿಡಿದ ಧ್ವನಿ, ಬೇಜಾರಾಗಿ ಎರಡು ದಿನ ಪ್ಲೇಯರ್ ಮುಟ್ಲಿಲ್ಲ.

ಹಾಗಾಗಿ ಲೇಬಲ್ ಬಿಟ್ಟು ಡೆಡ್ ವ್ಯಾಕ್ಸ್ ನೋಡಿ, ಹಾಡು ಮುಗಿದ ಮೇಲೆ ಲೇಬಲ್ ತನಕ ನುಣುಪಾಗಿ ಜಾಗ ಉಂಟಲ್ಲ ಅದು. ಮೊಬೈಲ್ ಟಾರ್ಚ್ ಓರೆಯಾಗಿ ಹಿಡೀರಿ, ನಂಬರ್ ಕಾಣ್ತದೆ. ಬ್ರಿಟನ್ನಿನಲ್ಲಿ ಒತ್ತಿದ ಅಬ್ಬೆ ರೋಡ್ ಅನ್ನೋ ಬೀಟಲ್ಸ್ ಎಲ್‌ಪಿ ಆದ್ರೆ ಒಂದು ಬದಿಗೆ ವೈಇಎಕ್ಸ್ 749, ಇನ್ನೊಂದಕ್ಕೆ 750. ಬೀಟಲ್ಸ್ ರೆಕಾರ್ಡು ತಂದ ಬ್ರಿಟಿಷ್ ಕಂಪೆನಿ ಇಎಮ್‌ಐಯ ಆಗಿನ ರೆಕಾರ್ಡಿನಲ್ಲಿ ಆ ನಂಬರ್ ಕೆಳಗೆ ಬರೋ ಹಾಗೆ ಹಿಡಿದ್ರೆ ಬಲಗಡೆ ಒಂದೋ ಎರಡೋ ಇಂಗ್ಲಿಷ್ ಅಕ್ಷರ ಇರ್ತದೆ, ಅದು ಸ್ಟ್ಯಾಂಪರ್ ಎಷ್ಟನೇದು ಅನ್ನೋ ಗುಟ್ಟು: ಜಿ ಅಂದ್ರೆ 1, ಆರ್ ಅಂದ್ರೆ 2, ಎ ಅಂದ್ರೆ 3, ಗ್ರಾಮಫೋನ್ ಲಿಮಿಟೆಡ್ ಅನ್ನೋದನ್ನು ಮೊಟಕು ಮಾಡಿದ GRAMOPHLTD ಅನ್ನೋ ಹತ್ತು ಅಕ್ಷರಗಳನ್ನೇ ಸಾಲಾಗಿ ಅಂಕೆ ಮಾಡಿದ್ರು. ಎಷ್ಟು ಚಂದದ ಲೆಕ್ಕ ಅಲ್ವಾ! ಮೂರು ಅಕ್ಷರ ಇದ್ರೆ ನೂರು ದಾಟಿದ ಅಚ್ಚು, ಮೊದಲ ಟೆಸ್ಟ್ ಅದಾಗಿರೋದು ಕಷ್ಟ. ಜಿ ಒಂದೇ ಇದ್ರೂ ಖುಷಿಪಡಬೇಡಿ ಈಗಲೇ, ಅಂಗಡಿಗೆ ಹೋದ ಮಾಮೂಲಿ ಪ್ರತಿಯಲ್ಲೂ ಅದು ಸಿಗ್ತದೆ.

ಮತ್ತೆ ಆಟಿ ಮಳೆಗೆ ಬೂಷ್ಟು ಹಿಡಿದಿರ್ತದೆ, ಆದ್ರೂ ಲೇಬಲ್ ಒರೆಸ್ಲಿಕ್ಕೆ ಹೋಗ್ಬೇಡಿ, ಅದರ ಮೇಲಿನ ಪೆನ್ನಿನ ಗೀಚೇ ದೊಡ್ಡ ಸಾಕ್ಷಿ. ಅಟ್ಟದಿಂದ ಇಳಿಸಿ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸ್ಬೇಡಿ, ಬೆಲೆ ಕೇಳ್ಕೊಂಡು ಬರುವವ್ರಿಗೆ ಕೊಡುವ ಮೊದ್ಲು ಎರಡೂ ಬದಿಯ ನಂಬರ್ ಕಾಗದದಲ್ಲಿ ಬರ್ಕೊಳ್ಳಿ.