ತೂತಿನ ಅರ ಮರಗೆಲಸಕ್ಕೆ ಮಾತ್ರವೇ?

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಬಾಗಿಲು ಉಬ್ಬಿ ದಾರಂದಕ್ಕೆ ಸಿಕ್ಕಿಕೊಳ್ಳುತ್ತದೆ. ಮಂಗಳೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೈತುಂಬ ತೂತುಗಳಿರುವ ಅರವೊಂದನ್ನು ತೋರಿಸಿದರು. ಅದು ಮರಕ್ಕೆ ಮಾತ್ರವೇ? – ಓದುಗರೊಬ್ಬರು, ಉಡುಪಿ

ಉತ್ತರ: ಅದು ಸರ್ಫಾರ್ಮ್. ಕ್ಯಾರೆಟ್ ತುರಿಯುವ ತಟ್ಟೆಯಂತೆ ತೆಳು ಉಕ್ಕಿನ ಹಾಳೆ, ಪ್ರತಿ ತೂತಿನ ಅಂಚಿನಲ್ಲೂ ಎದ್ದು ನಿಂತ ಒಂದು ಹರಿತ ಹಲ್ಲು. ಕೆತ್ತಿದ ಹುಡಿ ತೂತಿನ ಮೂಲಕ ಹಿಂದಕ್ಕೆ ಹೋಗುತ್ತದೆ. ಸಾಮಾನ್ಯ ಅರದಲ್ಲಿ ಹುಡಿ ಹಲ್ಲುಗಳ ಸಂದಿಯಲ್ಲೇ ಕೂತು ಕೆಲಸ ಕೆಡಿಸುತ್ತದೆ.

ಬಾಗಿಲಿಗೆ ಧಾರಾಳವಾಗಿ ಬಳಸಿ. ಆದರೆ ಆಷಾಢದಲ್ಲಿ ಹೆಚ್ಚು ಉಜ್ಜಿದರೆ ಬೇಸಿಗೆಯಲ್ಲಿ ಮರ ಕುಗ್ಗಿ ಸಂದು ಬಿಡುತ್ತದೆ. ತಾಗುವಷ್ಟನ್ನೇ ತೆಗೆಯಿರಿ; ಮರ ಒಣಗಿದ ಮೇಲೆ ಆ ಅಂಚಿಗೆ ತಪ್ಪದೆ ಬಣ್ಣ ಬಳಿಯಿರಿ. ನುಣುಪು ಬೇಕಿದ್ದರೆ ಕೊನೆಗೆ ಮರಳು ಕಾಗದ ಹಿಡಿಯಲೇಬೇಕು.

ನನ್ನ ಪ್ರಕಾರ ಇದರ ನಿಜವಾದ ಬೆಲೆ ತಿಳಿಯುವುದು ಮರದಾಚೆಗೆ, ವಸ್ತು ಇನ್ನೂ ಪೂರ್ತಿ ಗಟ್ಟಿಯಾಗದ ಹದದಲ್ಲಿ. ಗ್ಯಾರೇಜಿನಲ್ಲಿ ಕಾರಿನ ತಗ್ಗಿಗೆ ತುಂಬಿದ ಪುಟ್ಟಿಯನ್ನೇ ನೋಡಿ. ಹಾರ್ಡನರ್ ಬೆರೆಸಿದ ಕೆಲವೇ ನಿಮಿಷಗಳಲ್ಲಿ, ಉಗುರು ಒತ್ತಿದರೆ ಗುರುತು ಬೀಳುವ ಹಂತ ಬರುತ್ತದೆ. ಆಗ ಈ ಅರ ಎಳೆದರೆ ಪುಟ್ಟಿ ಎಳೆ ಎಳೆಯಾಗಿ ಸುರುಳಿ ಬಿಟ್ಟು ಬರುತ್ತದೆ. ಅದಕ್ಕೂ ಮೊದಲು ಕೈ ಹಾಕಿದರೆ ಅಂಟಂಟಾಗಿ ಕಿತ್ತುಬರುತ್ತದೆ. ತಡಮಾಡಿದರೆ ಮರಳು ಕಾಗದದಿಂದ ತಾಸುಗಟ್ಟಲೆ ಉಜ್ಜಿ ಧೂಳು ಕುಡಿಯಬೇಕು.

ಜೇಡಿಮಣ್ಣಿನವರಿಗೂ ಇದೇ ಹದ: ಕೈಗೆ ಅಂಟದ, ಆದರೆ ತೇವ ಆರದ ಮಣ್ಣು. ಕೃತಕ ಕಾಲು ಮಾಡುವವರು ರೋಗಿಯ ಕಾಲಿನ ಪ್ಲಾಸ್ಟರ್ ಅಚ್ಚನ್ನು ಇದರಿಂದಲೇ ತಿದ್ದುತ್ತಾರೆ. ಭಾರ ತಾಳಬಲ್ಲ ಕಡೆ ಸ್ವಲ್ಪ ಕೆರೆದು, ಮೂಳೆ ನೋಯುವ ಕಡೆ ಪ್ಲಾಸ್ಟರ್ ಸೇರಿಸಿ ಜಾಗ ಬಿಡುತ್ತಾರೆ. ಮೂಲ್ಕಿಯ ಕಡಲಲ್ಲಿ ಕಾಣುವಂಥ ಸರ್ಫಿಂಗ್ ಹಲಗೆಯ ಫೋಮ್‌ಗೂ, ಜಿಪ್ಸಮ್ ಬೋರ್ಡಿನ ಅಂಚಿಗೂ ಇದು ಸಲ್ಲುತ್ತದೆ. ಕಾರ್ಕಳದ ಕರಿಕಲ್ಲಿಗೆ ಮಾತ್ರ ತಾಗಿಸಬೇಡಿ, ಹಲ್ಲು ಹೋಗುತ್ತದೆ.

ಹಿಡಿಯುವ ಕೋನವೂ ಮುಖ್ಯ. ಎಳೆಯುವ ದಿಕ್ಕಿಗೆ ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದರೆ ಬೇಗ ಕೆತ್ತುತ್ತದೆ, ನೇರವಾಗಿ ಹಿಡಿದರೆ ಸಮವಾಗುತ್ತದೆ. ಬ್ಲೇಡ್ ಮೊಂಡಾದರೆ ಸಾಣೆಗೆ ಕೊಡುವಂತಿಲ್ಲ, ಬದಲಿಸಬೇಕು. ಕೊಳ್ಳುವಾಗಲೇ ಬಿಡಿ ಬ್ಲೇಡ್ ಸಿಗುತ್ತದೆಯೇ ಎಂದು ವಿಚಾರಿಸಿ. ನಮ್ಮ ಉಪ್ಪುಗಾಳಿಗೆ ತುಕ್ಕು ಬೇಗ ಹಿಡಿಯುವುದರಿಂದ, ಕೆಲಸ ಮುಗಿದ ಮೇಲೆ ಹುಡಿ ಕೊಡವಿ ಎಣ್ಣೆ ಬಟ್ಟೆಯಿಂದ ಒರೆಸಿಡಿ.