ನಾಲ್ಕನೆಯ ಜಾಗದಲ್ಲಿ ಏನು ಬರೆಯಲಿ?

ಪ್ರಶ್ನೆ: ನಾನು ಪುಣೆಯ ಹಿಂಜವಡಿಯಲ್ಲಿ ಜಾವಾ ಡೆವಲಪರ್. ಎಲ್ಲರಿಗೂ ಉಪಯೋಗವಾಗಲಿ ಎಂದು ಕಷ್ಟಪಟ್ಟು ಜೆನೆರಿಕ್ ಕ್ಲಾಸ್ (ಬೇರೆ ಬೇರೆ ಟೈಪ್‌ಗಳಿಗೆ, ಅಂದರೆ ಬೇರೆ ಬೇರೆ ಬಗೆಯ ದತ್ತಾಂಶಕ್ಕೆ, ಒಂದೇ ಕೋಡ್) ಬರೆದರೆ, ತಂಡದವರು ಅದನ್ನು ಮುಟ್ಟದೆ ಹಳೆಯ ಕೋಡನ್ನೇ ನಕಲು ಮಾಡಿಕೊಳ್ಳುತ್ತಾರೆ. ಬಳಸಲು ಸುಲಭವಾದ ಜೆನೆರಿಕ್ ಟೈಪ್ ರೂಪಿಸುವುದು ಹೇಗೆ? ಟೈಪ್‌ಗಳ ಜಾಗಕ್ಕೆ ಟಿ, ಕೆ ಎಂಬ ಒಂಟಿ ಅಕ್ಷರಗಳನ್ನೇ ಇಟ್ಟುಕೊಳ್ಳಬೇಕೇ?

ಉತ್ತರ: ಈ ಅವಮಾನ ನನಗೂ ಆಗಿದೆ, ಅದೂ ನಿಮ್ಮ ಹಿಂಜವಡಿಯಲ್ಲೇ. ಜಾವಾ 6ರ ಕಾಲದಲ್ಲಿ, ದಾಖಲೆಗಳನ್ನು ಹುಡುಕಿ ಕೊಡುವ ಒಂದು ಕ್ಲಾಸ್ ಬರೆದಿದ್ದೆ. ಅದನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಕನ್ನಡ ಅಕ್ಷರಗಳ ಹೆಸರನ್ನು ಜಾವಾ ಕಂಪೈಲರ್ ತಕರಾರಿಲ್ಲದೆ ಒಪ್ಪುತ್ತದೆ, ಸಂಕೋಚವೆಲ್ಲ ನಮ್ಮದೇ.

ಭಂಡಾರ<ದಾಖಲೆ, ಕೀಲಿ, ಫಲಿತಾಂಶ, ದೋಷ>

ಧಾರವಾಡದ ಕಿರಿಯ ಸಹೋದ್ಯೋಗಿಯೊಬ್ಬರು ನನ್ನ ಮೇಜಿನ ಬಳಿ ಬಂದು, "ಸರ್, ನಾಲ್ಕನೆಯ ಜಾಗದಲ್ಲಿ ಏನು ಬರೆಯಲಿ?" ಎಂದು ಕೇಳಿದರು. ಉತ್ತರ ಹೇಳಲು ನಾನೇ ನನ್ನ ಫೈಲ್ ತೆರೆದು ನೋಡಬೇಕಾಯಿತು.

ಕೋನಾವರಣದೊಳಗಿನ ಒಂದೊಂದು ಹೆಸರೂ, ಅಂದರೆ ಒಂದೊಂದು ಟೈಪ್ ಪ್ಯಾರಾಮೀಟರೂ, ಬಳಸುವವರಿಗೆ ನಾವು ಹಾಕುವ ಪ್ರಶ್ನೆ. ಅದರ ಉತ್ತರ ಅವರಿಗೆ ಗೊತ್ತಿರಬೇಕು, ಬಳಕೆಯಿಂದ ಬಳಕೆಗೆ ಅದು ಬದಲಾಗುತ್ತಲೂ ಇರಬೇಕು. ಹಾಗಿಲ್ಲದಿದ್ದರೆ ಕೇಳುವುದೇ ತಪ್ಪು. ಅಂದು ಇಬ್ಬರೂ ಕುಳಿತು ನೋಡಿದಾಗ, ಇಡೀ ಪ್ರಾಜೆಕ್ಟಿನಲ್ಲಿ 'ದೋಷ'ದ ಜಾಗಕ್ಕೆ ಬರುತ್ತಿದ್ದದ್ದು ಒಂದೇ ಕ್ಲಾಸ್. ತೆಗೆದುಹಾಕಿದೆವು. 'ಫಲಿತಾಂಶ' ಬೇಕಿದ್ದದ್ದು ಒಂದೇ ಒಂದು ಮೆಥಡ್‌ಗೆ, ಅಂದರೆ ಕ್ಲಾಸಿನೊಳಗೆ ಒಂದು ಕೆಲಸ ಮಾಡುವ ತುಣುಕಿಗೆ. ಅದನ್ನು ಕ್ಲಾಸಿನಿಂದ ಇಳಿಸಿ ಆ ಮೆಥಡ್‌ಗೇ ಕೊಟ್ಟೆವು. ಮೆಥಡ್‌ಗೆ ಇಳಿಸಿದರೆ ಒಂದು ಲಾಭವಿದೆ: ಕೊಟ್ಟ ಆರ್ಗ್ಯುಮೆಂಟ್‌ಗಳನ್ನು ನೋಡಿ ಕಂಪೈಲರ್ ಸಾಮಾನ್ಯವಾಗಿ ತಾನೇ ಟೈಪ್ ಊಹಿಸಿಕೊಳ್ಳುತ್ತದೆ, ಬಳಸುವವರು ಬರೆಯಬೇಕಾಗಿಲ್ಲ. ನಾಲ್ಕಿದ್ದದ್ದು ಎರಡಾಯಿತು.

ಎರಡರವರೆಗೆ ಸರಿ. ಕೀಲಿ ಕೊಟ್ಟರೆ ಅದರ ಮೌಲ್ಯ ಹುಡುಕಿಕೊಡುವ ಮ್ಯಾಪ್‌ಗೆ ಕೀಲಿ, ಮೌಲ್ಯ ಎಂದರೆ ಯಾರಿಗೂ ವಿವರಣೆ ಬೇಡ. ಮೂರನೆಯದು ಬಂತೆಂದರೆ ಯಾವುದು ಮೊದಲು, ಯಾವುದು ಆಮೇಲೆ ಎಂದು ತಡಕಾಡಬೇಕು. ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ವೇದಿಕೆಯ ಕೋಡ್ ಪರಿಶೀಲನಾ ನಿಯಮಗಳಲ್ಲೂ ಎರಡನ್ನು ಮೀರಿದರೆ ಎಚ್ಚರಿಸುವ ನಿಯಮವೊಂದಿದೆ. 2014ರಲ್ಲಿ ಜಾವಾ 8ರೊಂದಿಗೆ ಬಂದ, ಸಾಲಾಗಿ ಬರುವ ಅಂಶಗಳನ್ನು ಒಟ್ಟುಗೂಡಿಸುವ ಕಲೆಕ್ಟರ್‌ಗೆ ಮೂರು ಪ್ಯಾರಾಮೀಟರ್‌ಗಳಿವೆ. ಆದರೆ ಅದರ ಸಿದ್ಧ ಮೆಥಡ್‌ಗಳನ್ನು ನೋಡಿ: ನಡುವಿನ ಜಾಗದಲ್ಲಿ ಬಹುತೇಕ ಕಡೆ ಬರೀ ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ, 'ಯಾವುದೋ ಒಂದು ಟೈಪ್' ಎಂಬ ಅರ್ಥದಲ್ಲಿ. ಅದು ಒಳಗಿನ ಲೆಕ್ಕಾಚಾರದ ಟೈಪ್, ಬಳಸುವವರಿಗೆ ಅದರ ಗೊಡವೆಯೇ ಬೇಡ. ನನಗಂತೂ ಆ ಚಿಹ್ನೆ ಕ್ಷಮಾಪಣೆಯಂತೆ ಕಾಣುತ್ತದೆ.

ಕ್ಲಾಸಿನಿಂದ ಹೊಸ ವಸ್ತು ಸೃಷ್ಟಿಸುವ ಕನ್‌ಸ್ಟ್ರಕ್ಟರ್‌ಗಳ ವಿಷಯ ಚಿಕ್ಕದು. ಜೆನೆರಿಕ್ಸ್ 2004ರಲ್ಲೇ ಜಾವಾ 5ರಲ್ಲಿ ಬಂದರೂ, 2011ರಲ್ಲಿ ಜಾವಾ 7 ಬರುವವರೆಗೆ ಟೈಪ್‌ಗಳನ್ನು ಸಮಚಿಹ್ನೆಯ ಎರಡೂ ಬದಿಗೆ ಬರೆಯಬೇಕಿತ್ತು. ಡಾಟ್‌ನೆಟ್‌ನ ಭಾಷೆಯಾದ ಸಿ ಶಾರ್ಪ್‌ನಲ್ಲಿ ಕನ್‌ಸ್ಟ್ರಕ್ಟರ್ ಟೈಪ್ ಊಹಿಸುವುದಿಲ್ಲವಾದ್ದರಿಂದಲೇ, ಕೆಲವು ಮೌಲ್ಯಗಳನ್ನು ಒಟ್ಟಿಗೆ ಕಟ್ಟಿಡುವ ಟ್ಯೂಪಲ್‌ಗೆ ಕ್ರಿಯೇಟ್ ಎಂಬ ಸ್ಟ್ಯಾಟಿಕ್ ಮೆಥಡ್ ಕೊಟ್ಟಿದ್ದಾರೆ.

ಬಳಸುವವರು ನಿಜವಾಗಿ ತಲೆ ಚಚ್ಚಿಕೊಳ್ಳುವುದು ಬೇರೆ ಕಡೆ. ಡಬ್ಬಿ<ಬೇಳೆ> ಕೇಳುವ ಮೆಥಡ್‌ಗೆ ಡಬ್ಬಿ<ತೊಗರಿಬೇಳೆ> ಕೊಟ್ಟರೆ ಕಂಪೈಲರ್ ಒಪ್ಪುವುದಿಲ್ಲ. ತೊಗರಿಬೇಳೆ ಬೇಳೆಯಲ್ಲವೇ ಎಂದು ಕೋಪ ಬರುತ್ತದೆ. ಕೊಥ್ರೂಡಿನ ನಮ್ಮ ಅಡುಗೆಮನೆಯಲ್ಲಿ ತುಳಶಿಬಾಗಿನಿಂದ ತಂದ ಸ್ಟೀಲ್ ಡಬ್ಬಿಗಳ ಸಾಲೇ ಇದೆ. ಬೆಳಗಾವಿಯಿಂದ ಬಂದಿದ್ದ ಅತ್ತಿಗೆ, ಉಳಿದ ಹೆಸರುಬೇಳೆಯನ್ನು ಎಲ್ಲಿ ಹಾಕಲಿ ಎಂದಾಗ ನಾನು ಪೇಪರಿನಿಂದ ತಲೆ ಎತ್ತದೆ, "ಅದೇ ಬೇಳೆ ಡಬ್ಬಿ ಅತ್ತಿಗೆ" ಎಂದೆ. ಹೇಳಿದ್ದು ಸುಳ್ಳಲ್ಲ. ಆದರೆ ಅದು ತೊಗರಿಬೇಳೆಯ ಡಬ್ಬಿ. ಮರುದಿನ ಆದದ್ದು ಹುಳಿಯೂ ಅಲ್ಲ, ತೊವ್ವೆಯೂ ಅಲ್ಲ. ಕಂಪೈಲರ್ ತಡೆಯುವುದು ಇದನ್ನೇ. ಜಾವಾದ ಅರೇಗಳು (ಒಂದೇ ಟೈಪಿನ ಮೌಲ್ಯಗಳ ಸಾಲುಗಳು) ನನ್ನಂತೆ: ಕಂಪೈಲ್ ಮಾಡುವಾಗ ಬಿಟ್ಟುಬಿಟ್ಟು, ಪ್ರೋಗ್ರಾಂ ಓಡುವಾಗ ಎಕ್ಸೆಪ್ಶನ್, ಅಂದರೆ ದೋಷದ ಸೂಚನೆ, ಎಸೆಯುತ್ತವೆ.

ಹಾಗೆಂದು ಬಳಸುವವರನ್ನು ಬಾಗಿಲಲ್ಲೇ ನಿಲ್ಲಿಸಬಾರದು. ನಿಮ್ಮ ಮೆಥಡ್ ಡಬ್ಬಿಯಿಂದ ತೆಗೆಯುವುದಷ್ಟೇ ಆದರೆ ಡಬ್ಬಿ<? ಎಕ್ಸ್‌ಟೆಂಡ್ಸ್ ಬೇಳೆ> ಎನ್ನಿ, ಯಾವ ಬೇಳೆಯ ಡಬ್ಬಿಯೂ ನಡೆಯುತ್ತದೆ. ತೊಗರಿಬೇಳೆ ಹಾಕುವುದಷ್ಟೇ ಆದರೆ ಡಬ್ಬಿ<? ಸೂಪರ್ ತೊಗರಿಬೇಳೆ>. ಈ ಪ್ರಶ್ನಾರ್ಥಕ ಚಿಹ್ನೆ ಮೆಥಡ್ ತೆಗೆದುಕೊಳ್ಳುವ ಪ್ಯಾರಾಮೀಟರ್‌ನಲ್ಲಿರಲಿ. ಮೆಥಡ್ ಹಿಂದಿರುಗಿಸುವ ರಿಟರ್ನ್ ಟೈಪಿನಲ್ಲಿ ಇಟ್ಟರೆ ಅದನ್ನು ಬಳಸುವವರೂ ತಮ್ಮ ಕೋಡಿನ ತುಂಬ ಹೊತ್ತು ತಿರುಗಬೇಕಾದೀತು. 2010ರಲ್ಲಿ ಸಿ ಶಾರ್ಪ್ 4 ಈ ಭಾರವನ್ನು ಇಂಟರ್‌ಫೇಸ್ ಬರೆಯುವವರ ಮೇಲೆಯೇ ಹಾಕಿತು: ಅಲ್ಲಿ 'ಇನ್' (ಹಾಕುವುದಷ್ಟೇ) ಅಥವಾ 'ಔಟ್' (ತೆಗೆಯುವುದಷ್ಟೇ) ಎಂದು ಒಮ್ಮೆ ಬರೆದರೆ ಮುಗಿಯಿತು. ನನಗೆ ಈ ದಾರಿಯೇ ಹೆಚ್ಚು ಇಷ್ಟ.

ಈಗ ನಾನು ಕ್ಲಾಸ್ ಬರೆಯುವ ಮೊದಲೇ ತಂಡದ ಹೊಸಬರೊಬ್ಬರಿಂದ ಅದನ್ನು ಬಳಸುವ ಮೂರು ಸಾಲು ಬರೆಸುತ್ತೇನೆ. ಅವರ ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿರುವ ಪ್ಯಾರಾಮೀಟರ್ ಮೇಲೆ ನನ್ನ ಕತ್ತರಿ ಮೊದಲು ಬೀಳುತ್ತದೆ.

ಅಕ್ಷರಗಳ ಬಗ್ಗೆ ಕೇಳಿದ್ದಿರಿ. ಒಂದೇ ಪ್ಯಾರಾಮೀಟರ್ ಇದ್ದರೆ ಟಿ ಸಾಕು. ಮ್ಯಾಪ್‌ನ ಕೆ, ವಿ ಜಾವಾದಲ್ಲಿ ಎಲ್ಲರಿಗೂ ರೂಢಿ. ಉಳಿದೆಡೆ ಎರಡಿದ್ದರೆ ನಾನು ಪೂರ್ತಿ ಹೆಸರಿಡುತ್ತೇನೆ, ರಿವ್ಯೂನಲ್ಲಿ ಯಾರಾದರೂ ಗೊಣಗಿದರೂ ಸರಿ.